ಹಳೆ ಮನೆಯ ಮೇಲೆ ಹೊರಿಸಿದ ತಪ್ಪು

ಮನೆ ರಿಪೇರಿಗೆ ಯಾರನ್ನೂ ಕರೆಯಬೇಕಾಗಿಲ್ಲ, ನಾವೇ ಮಾಡಿಕೊಳ್ಳಬಹುದು ಎಂಬ ಮಾತು ಈಗ ಜಾಣತನದ ಲಕ್ಷಣವಾಗಿಬಿಟ್ಟಿದೆ. ಹತ್ತು ನಿಮಿಷದ ವಿಡಿಯೊ ನೋಡಿದರೆ ಸಾಕು, ಅಂಗಡಿಯಲ್ಲಿ ಡಬ್ಬ ಸಿಗುತ್ತದೆ, ಡಬ್ಬದ ಮೇಲೆ ವಿಧಾನ ಬರೆದಿರುತ್ತದೆ, ಭಾನುವಾರ ಸಂಜೆಯೊಳಗೆ ಕೆಲಸ ಮುಗಿಯುತ್ತದೆ, ಗಾರೆಯವರಿಗೆ ಕೊಡುವ ಕೂಲಿ ಉಳಿಯುತ್ತದೆ. ಹೀಗೆ ಹೇಳುವವರು ನೆಂಟರಲ್ಲಿದ್ದಾರೆ, ಕಚೇರಿಯಲ್ಲಿದ್ದಾರೆ, ಪೇಂಟಿನ ಅಂಗಡಿಯ ಗಲ್ಲಾದ ಹಿಂದೆಯೂ ಇದ್ದಾರೆ. ಹೊಸ ಅಪಾರ್ಟ್‌ಮೆಂಟಿನ ಮಟ್ಟಿಗೆ ಇದು ಅರ್ಧ ನಿಜವಿರಬಹುದು. ಎಂಬತ್ತು, ನೂರು ವರ್ಷದ ಮನೆಗಳಲ್ಲಿ ವಾಸಿಸುವವರ ಪಾಲಿಗೆ ಇದು ಕೆಟ್ಟ ಉಪದೇಶ. ಇದನ್ನು ನಂಬಿದವರಿಗೆ ಹಣವೂ ಉಳಿಯುತ್ತಿಲ್ಲ, ಮನೆಯೂ ಉಳಿಯುತ್ತಿಲ್ಲ.

ಉಪದೇಶ ಕೆಟ್ಟದ್ದು ಎಂಬುದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುವುದು ಅದು ಸೋತ ಮೇಲೆ ನಡೆಯುವ ನ್ಯಾಯತೀರ್ಮಾನ. ಬಳಿದ ಬಣ್ಣ ಆರು ತಿಂಗಳಲ್ಲಿ ಚಕ್ಕೆ ಎದ್ದಾಗ, ಹೊಡೆದ ಮೊಳೆಯ ಸುತ್ತ ಅಂಗೈಯಗಲ ಗಾರೆ ಉದುರಿದಾಗ, ಸೋರುವುದನ್ನು ನಿಲ್ಲಿಸಿದ ಜಾಗದ ಪಕ್ಕದಲ್ಲೇ ಮತ್ತೆ ಸೋರಿದಾಗ, ಎರಡೇ ತೀರ್ಪು ಬರುತ್ತವೆ. ಒಂದು, ನಿಮ್ಮ ಕೈಗೆ ಕೆಲಸ ಬರುವುದಿಲ್ಲ. ಇನ್ನೊಂದು, ಮನೆಗೆ ವಯಸ್ಸಾಯಿತು, ಎಷ್ಟು ತೇಪೆ ಹಾಕಿದರೂ ಅಷ್ಟೆ, ಕೆಡವಿ ಕಟ್ಟಿಸಿ. ಎರಡೂ ತಪ್ಪು. ಸೋತಿದ್ದು ಕೈಯಲ್ಲ, ಮನೆಯೂ ಅಲ್ಲ. ಬೇರೆ ಜಾತಿಯ ಕಟ್ಟಡಕ್ಕೆಂದು ತಯಾರಾದ ಸಾಮಾನನ್ನೂ ವಿಧಾನವನ್ನೂ ತಂದು ಈ ಮನೆಗೆ ಅಂಟಿಸಲಾಯಿತು, ಅವೆರಡು ಸೋತವು.

ಗೋಡೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಹಳೆ ಮನೆಯವರ ಮುಕ್ಕಾಲು ಪಾಲು ಗೋಳು ಗೋಡೆಯದು. ಮೈಸೂರಿನ ಅಗ್ರಹಾರಗಳಲ್ಲಿ, 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಳೆ ಬೀದಿಗಳಲ್ಲಿ, ಸಾಗರ, ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಗಳಲ್ಲಿ ಗೋಡೆ ಎಂದರೆ ಒಂದೂವರೆ ಅಡಿ ದಪ್ಪದ ಮಣ್ಣು, ಇಟ್ಟಿಗೆ ಅಥವಾ ಕಲ್ಲು. ಕಟ್ಟಿದ್ದು ಮಣ್ಣಿನಲ್ಲಿ ಇಲ್ಲವೇ ಸುಣ್ಣದ ಗಾರೆಯಲ್ಲಿ. ಮೇಲೆ ಸುಣ್ಣದ ಗಿಲಾವು. ಅದರ ಮೇಲೆ ವರ್ಷ ವರ್ಷ ಬಳಿದ ಸುಣ್ಣ. ಕೆಳಗೆ ಕಾಡುಗಲ್ಲಿನ ತಳಪಾಯ. ಇವತ್ತಿನ ಮನೆಗಳಲ್ಲಿ ತಳಪಾಯಕ್ಕೂ ಗೋಡೆಗೂ ನಡುವೆ ನೀರು ಮೇಲೇರದಂತೆ ಒಂದು ತಡೆ ಹಾಕುತ್ತಾರೆ. ಈ ಮನೆಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಹಾಗಾಗಿ ನೆಲದ ತೇವ ಗೋಡೆಯೊಳಗೆ ಸ್ವಲ್ಪ ಮಟ್ಟಿಗೆ ಏರುತ್ತಲೇ ಇರುತ್ತದೆ. ಕಟ್ಟಿದವರಿಗೆ ಅದು ಗೊತ್ತಿತ್ತು. ಏರಿದ ತೇವ ಎರಡೂ ಮೈಯಿಂದ ಆರಿಹೋಗಲಿ ಎಂದೇ ಅವರು ಸುಣ್ಣ ಬಳಸಿದರು. ಸುಣ್ಣದ ಗಿಲಾವಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ತೇವ ಅವುಗಳ ಮೂಲಕ ಹೊರಗೆ ಬಂದು ಗಾಳಿಗೆ ಆರುತ್ತದೆ. ಬರುವಾಗ ಮಣ್ಣಿನ ಉಪ್ಪನ್ನೂ ತರುತ್ತದೆ. ಆ ಉಪ್ಪು ಮೈಮೇಲೆ ಹರಳುಗಟ್ಟಿ ಗಿಲಾವಿನ ಕೆಳಭಾಗವನ್ನು ನಿಧಾನಕ್ಕೆ ತಿನ್ನುತ್ತದೆ. ಕೆಲವು ವರ್ಷಕ್ಕೊಮ್ಮೆ ಕೆಳಗಿನ ಎರಡಡಿ ಗಿಲಾವನ್ನು ಕೆತ್ತಿ ಹೊಸದು ಹಾಕಬೇಕಾಗುತ್ತದೆ. ಗಿಲಾವು ಸವೆಯುವುದು ಗೋಡೆ ಉಳಿಯಲಿ ಎಂದು. ಅದರ ಕೆಲಸವೇ ಅದು.

ಈಗ ನಮ್ಮ ಸ್ವಂತ ರಿಪೇರಿಯ ಉಪದೇಶ ಇಲ್ಲಿ ಏನು ಹೇಳುತ್ತದೆ ನೋಡಿ. ಗೋಡೆ ಉಪ್ಪು ಬಿಟ್ಟಿದೆಯೇ? ಕೆರೆದು ಹಾಕಿ, ಸಿಮೆಂಟು ಗಿಲಾವು ಮಾಡಿ, ನೀರು ತಡೆಯುವ ರಾಸಾಯನಿಕ ಎರಡು ಕೋಟು ಹಚ್ಚಿ, ಪುಟ್ಟಿ ಎಳೆಯಿರಿ, ಮೇಲೆ ಪ್ಲಾಸ್ಟಿಕ್ ಬಣ್ಣ. ಮಾಡುವವರು ಮೈಮುರಿದೇ ಮಾಡುತ್ತಾರೆ. ಕೆರೆಯಲು ಹೊರಟರೆ ಅಂಗೈಯಷ್ಟಿದ್ದ ಗಾಯ ಬಾಗಿಲಗಲ ಆಗುತ್ತದೆ, ಒಳಗಿನ ಮಣ್ಣು ಬುರುಬುರು ಉದುರುತ್ತದೆ, ಎರಡು ಬಾಂಡ್ಲಿ ಸಾಮಾನಿನ ಅಂದಾಜು ಹತ್ತಕ್ಕೆ ಏರುತ್ತದೆ. ಹೇಗೋ ಮುಗಿಸುತ್ತಾರೆ. ಮೊದಲ ಮಳೆಗಾಲ ಗೋಡೆ ಹೊಸ ಮನೆಯ ಗೋಡೆಯಂತೆ ನುಣ್ಣಗಿರುತ್ತದೆ. ನಂತರ ತೇವ, ಸಿಮೆಂಟು ಎಲ್ಲಿಗೆ ನಿಂತಿದೆಯೋ ಅದರ ಮೇಲಿನಿಂದ ಕಾಣಿಸಿಕೊಳ್ಳುತ್ತದೆ. ನಾಲ್ಕಡಿಗೆ ಸಿಮೆಂಟು ಹಾಕಿದರೆ ಐದಡಿಯಲ್ಲಿ. ಐದಡಿಗೆ ಟೈಲ್ಸ್ ಏರಿಸಿದರೆ ಆರಡಿಯಲ್ಲಿ. ಹೊರದಾರಿ ಮುಚ್ಚಿದ ನೀರು ಆರಲು ಜಾಗ ಹುಡುಕಿಕೊಂಡು ಮೇಲಕ್ಕೇ ಹೋಗಬೇಕು. ಮೇಲೆ ಹೋಗುವ ದಾರಿಯಲ್ಲಿ ಅದಕ್ಕೆ ಸಿಗುವುದು ಬಾಗಿಲ ಚೌಕಟ್ಟು, ಕಿಟಕಿಯ ದಾರಂದ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ. ತೇವ ನಿಂತ ಮರಕ್ಕೆ ಗೆದ್ದಲು ತಾನಾಗಿ ಬರುತ್ತದೆ. ನೂರು ವರ್ಷ ಏನೂ ಆಗದ ಹೊನ್ನೆಯ ತೊಲೆ, ಗೋಡೆಗೆ ಸಿಮೆಂಟು ಬಿದ್ದ ಕೆಲವೇ ವರ್ಷಗಳಲ್ಲಿ ತುದಿ ಕೊಳೆತು ಕೂತಿದ್ದನ್ನು ಹಳೆ ಬಡಾವಣೆಗಳಲ್ಲಿ ಯಾರು ಬೇಕಾದರೂ ನೋಡಬಹುದು. ಆಗ ಜನ ಹೇಳುವುದು ‘ತೊಲೆ ಹಳೆಯದಾಯಿತು’ ಎಂದು. ತೊಲೆ ಹಳೆಯದಾಗಿ ಎಷ್ಟೋ ಕಾಲವಾಗಿತ್ತು. ಕೊಳೆತಿದ್ದು ಈಚೆಗೆ.

ಸಿಮೆಂಟು ಗಟ್ಟಿ, ಸುಣ್ಣ ಮೆತ್ತಗೆ, ಆದ್ದರಿಂದ ಸಿಮೆಂಟೇ ಮೇಲು ಎಂಬ ನಂಬಿಕೆ ಇದರ ಬೇರು. ಚೀಲದ ಮೇಲೆ 43, 53 ಎಂದು ಗ್ರೇಡ್ ಬರೆದಿರುತ್ತದಲ್ಲ, ಅದು 28 ದಿನಕ್ಕೆ ಆ ಸಿಮೆಂಟು ಪರೀಕ್ಷೆಯಲ್ಲಿ ತಲುಪಬೇಕಾದ ಬಲ, ಮೆಗಾಪಾಸ್ಕಲ್ ಲೆಕ್ಕದಲ್ಲಿ. ಸುಟ್ಟ ಮಣ್ಣಿನ ಇಟ್ಟಿಗೆಗೆ ನಮ್ಮ ದೇಶದ ಮಾನಕ ಇಟ್ಟಿರುವ ಅತಿ ಕೆಳಗಿನ ವರ್ಗ 3.5. ಮರಳು ಬೆರೆಸಿದ ಮೇಲೆ ಸಿಮೆಂಟಿನ ಬಲ ಇಳಿಯುತ್ತದೆ, ನಿಜ. ಆದರೂ ಹಳೆಯ ನಾಟಿ ಇಟ್ಟಿಗೆಗಿಂತ, ಮಣ್ಣಿನ ಗೋಡೆಗಿಂತ ಅದು ಬಹಳ ಗಟ್ಟಿ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವಾಗ ಮೆತ್ತಗಿನ ಗೋಡೆ ಒಂದು ರೀತಿ ಅಲುಗುತ್ತದೆ, ಗಟ್ಟಿ ಚಿಪ್ಪು ಇನ್ನೊಂದು ರೀತಿ. ನಡುವೆ ಬಿರುಕು ಬಿಟ್ಟು ಪೊಳ್ಳಾಗುತ್ತದೆ. ಅನುಭವಸ್ಥ ಗಾರೆಯವರು ಗೆಣ್ಣಿನಿಂದ ತಟ್ಟಿ ಶಬ್ದದಲ್ಲೇ ಅದನ್ನು ಹೇಳುತ್ತಾರೆ. ಸುಣ್ಣದ ಗಿಲಾವು ಬಿದ್ದರೆ ತಾನೊಂದೇ ಬೀಳುತ್ತದೆ. ಸಿಮೆಂಟು ಬೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಗೋಡೆಗೆ ಬೇಕಾಗಿದ್ದು ತನಗಿಂತ ಗಟ್ಟಿಯಾದದ್ದಲ್ಲ, ತನಗೆ ಹೊಂದುವಂಥದ್ದು.

ಸುಣ್ಣವನ್ನು ದುರ್ಬಲ ಎನ್ನುವವರು ಕನ್ನಡ ನಾಡಿನಲ್ಲಿ ಕಣ್ಣುಬಿಟ್ಟು ಓಡಾಡಿಲ್ಲ. 1656ರ ಹೊತ್ತಿಗೆ ಎದ್ದ ವಿಜಯಪುರದ ಗೋಳಗುಮ್ಮಟದ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ್ದು. ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ, ಗುಮ್ಮಟ ಎದ್ದು ಸುಮಾರು 170 ವರ್ಷಗಳ ಮೇಲೆ. ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಕನ್ನಂಬಾಡಿ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿಯಲ್ಲಿ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಲ್ಲಿ. ಕಾವೇರಿಯನ್ನೇ ತಡೆದು ನಿಲ್ಲಿಸಿದ ಗಾರೆ ನಮ್ಮ ಅಡುಗೆಮನೆಯ ಗೋಡೆಗೆ ಸಾಲದು ಎಂದು ನಂಬಿಸಿದವರು ಯಾರು? ನಂಬಿದ ನಾವು ಆ ಗಾರೆಯನ್ನು ಹೇಗೆ ಮಾಡುತ್ತಿದ್ದರು ಎಂದಾದರೂ ಕೇಳಬೇಕಿತ್ತು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಬೇಕು, ಕುದಿದು ಕುದಿದು ತಣ್ಣಗಾದದ್ದನ್ನು ದಿನಗಟ್ಟಲೆ, ವಾರಗಟ್ಟಲೆ ನೆನೆಯಲು ಬಿಡಬೇಕು, ಮರಳು, ಸುರ್ಕಿ ಸೇರಿಸಿ ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯಬೇಕು. ಕೆಲವು ಕಡೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕುತ್ತಿದ್ದರು. ಹಚ್ಚಿದ ಮೇಲೂ ಅವಸರವಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತಿಂಗಳುಗಳ ಕಾಲ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ. ಇದು ಒಂದು ಭಾನುವಾರದ ಕೆಲಸವಲ್ಲ. ಭಾನುವಾರದ ಲೆಕ್ಕಕ್ಕೆ ಒಗ್ಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಕೈಬಿಟ್ಟು, ಮನೆಯನ್ನೇ ಭಾನುವಾರಕ್ಕೆ ಒಗ್ಗಿಸಲು ಹೊರಟಿದ್ದೇವೆ.

ಮಾಡಿನ ಕಥೆ ಇದಕ್ಕಿಂತ ಕಷ್ಟದ್ದು. ಮೈಸೂರು, ಬೆಂಗಳೂರಿನ ಎಷ್ಟೋ ಹಳೆ ಮನೆಗಳಿಗೆ ಮದ್ರಾಸ್ ತಾರಸಿ ಇದೆ. ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ತೆಳ್ಳಗಿನ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದಲ್ಲಿ ಜೋಡಿಸಿದ ಪದರ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು ಬಡಿದು ಕೂರಿಸಿದ್ದು, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಮರ ಸ್ವಲ್ಪ ಬಾಗುತ್ತದೆ, ಸುಣ್ಣವೂ ಅದರ ಜೊತೆ ಸ್ವಲ್ಪ ಬಾಗುತ್ತದೆ. ಸೋರಿದರೆ ಸಾಮಾನ್ಯವಾಗಿ ಕಾರಣ ಹೆಂಚಿನ ಸಂದು ಬಿಟ್ಟಿರುವುದು, ನೀರು ಹೋಗುವ ಬಾಯಿಗೆ ಎಲೆ ಕಟ್ಟಿರುವುದು, ಕೈಪಿಡಿ ಗೋಡೆಯ ಬುಡದಲ್ಲಿ ಅರಳಿಯ ಸಸಿ ಬೇರು ಬಿಟ್ಟಿರುವುದು. ಇಷ್ಟನ್ನು ನೋಡುವ ತಾಳ್ಮೆ ಉಪದೇಶಕ್ಕಿಲ್ಲ. ಎರಡಂಗುಲ ಸಿಮೆಂಟು ಕಾಂಕ್ರೀಟು ಹಾಕಿ ಮುಚ್ಚಿಬಿಡಿ ಎನ್ನುತ್ತದೆ. ಹತ್ತಡಿಗೆ ಹನ್ನೆರಡಡಿ ಕೋಣೆಯ ಮೇಲೆ ಎರಡಂಗುಲ ಕಾಂಕ್ರೀಟೆಂದರೆ ಒಂದೂಕಾಲು ಟನ್ನಿಗೂ ಹೆಚ್ಚು ಭಾರ. ಇಷ್ಟು ಭಾರವನ್ನು ಆ ಜಂತೆಗಳ ಮೇಲೆ ಹೊರಿಸುವ ಮೊದಲು ಅವುಗಳ ತುದಿ ಹೇಗಿದೆ ಎಂದು ನೋಡಿ ಎಂದು ಯಾವ ಡಬ್ಬದ ಮೇಲೂ ಬರೆದಿರುವುದನ್ನು ನಾನು ಕಂಡಿಲ್ಲ. ಮರ ಬಾಗಿದಾಗ ಸಿಮೆಂಟಿನ ಪದರ ಬಾಗದೆ ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಮೇಲೆ ಬರಲಾರದೆ ಜಂತೆಯಲ್ಲೇ ನಿಲ್ಲುತ್ತದೆ. ಕೆಳಗೆ ಹಾಸಿಗೆ ಹಾಸಿಕೊಂಡು ಮಲಗುವವರು ಇದ್ದಾರೆ ಎಂಬುದನ್ನು ಮರೆತು ಕೊಡುವ ಸಲಹೆ ಇದು.

ಹೆಂಚಿನ ಮನೆಯವರ ಪಾಡು ಬೇರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳು ತಮ್ಮ ತಮ್ಮ ಅಚ್ಚಿನಲ್ಲಿ ಹೆಂಚು ಒತ್ತಿದವು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಮಾಡಿನ ಮೇಲೆ ಕೂರಿಸಿದಾಗ ಒಂದರ ತೋಡಿಗೆ ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯ ವ್ಯತ್ಯಾಸದಲ್ಲಿ ಗಾಳಿ ಮಳೆ ಒಳಗೆ ಬರುತ್ತದೆ. ಅಂಗಡಿಯಿಂದ ತಂದ ಹೊಸ ಹೆಂಚು ಕೂರಲಿಲ್ಲವೆಂದು ಕೈಯನ್ನು ಬೈದುಕೊಳ್ಳುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಬಲ್ಲವರು ಹೆಂಚಿನ ಬೆನ್ನಿನ ಮೇಲಿರುವ ಕಾರ್ಖಾನೆಯ ಹೆಸರು ನೋಡಿ, ಅದೇ ಹೆಸರಿನ ಹೆಂಚನ್ನು ಕೆಡವಿದ ಮನೆಗಳ ಸಾಮಾನು ಮಾರುವವರಲ್ಲಿ ಹುಡುಕುತ್ತಾರೆ. ಎಲ್ಲಿ ಕಾಲಿಡಬೇಕು ಎಂಬುದೂ ಬಲ್ಲವರಿಗೆ ಗೊತ್ತು. ರೀಪಿನ ಆಧಾರವಿಲ್ಲದ ಜಾಗದಲ್ಲಿ ಕಾಲಿಟ್ಟರೆ ಒಂದು ಒಡಕನ್ನು ಸರಿಮಾಡಲು ಹತ್ತಿದವರು ಹತ್ತು ಒಡಕು ಮಾಡಿ ಇಳಿಯುತ್ತಾರೆ, ಇಳಿಯುವ ಭಾಗ್ಯವಿದ್ದರೆ. ಜಾರು ಮಾಡಿನ ಮೇಲೆ, ಪಾಚಿಗಟ್ಟಿದ ಹೆಂಚಿನ ಮೇಲೆ, ಮಳೆಗಾಲದ ನಡುವೆ ಮನೆಯ ಯಜಮಾನನನ್ನು ಒಬ್ಬನೇ ಹತ್ತಿಸುವ ಸ್ವಾವಲಂಬನೆಯನ್ನು ನಾನು ಹೊಗಳಲಾರೆ.

ನಲ್ಲಿ, ಪೈಪು, ಬಾಗಿಲುಗಳ ಕಿರಿಕಿರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ಹಿಡಿದ ಜಿ.ಐ. ಪೈಪಿನ ಒಂದು ಜಾಯಿಂಟು ಬಿಚ್ಚಲು ಪಾನಾ ಹಾಕಿದರೆ ಗೋಡೆಯೊಳಗಿನ ಇನ್ನೊಂದು ಜಾಯಿಂಟು ಮುರಿಯುತ್ತದೆ; ರಸಮಟ್ಟ ಇಟ್ಟು ಕೂರಿಸಿದ ಕಪಾಟು ಓರೆ ಗೋಡೆಯ ಪಕ್ಕದಲ್ಲಿ ತಾನೇ ಓರೆಯಾಗಿ ಕಾಣುತ್ತದೆ. ಇವು ದಣಿಸುತ್ತವೆ, ಆದರೆ ಪ್ರಾಣ ತೆಗೆಯುವುದಿಲ್ಲ. ವಿದ್ಯುತ್ತು ಮತ್ತು ಬಣ್ಣದ ವಿಷಯ ಹಾಗಲ್ಲ.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಾದ ಮೇಲಿನ ದಶಕಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ವೈರಿಂಗು ಇನ್ನೂ ಎಷ್ಟೋ ಮನೆಗಳಲ್ಲಿ ಉಸಿರಾಡುತ್ತಿದೆ. ದೀಪಕ್ಕೆ, ಫ್ಯಾನಿಗೆ, ಒಂದು ರೇಡಿಯೊಗೆ ಎಂದು ಎಳೆದ ತೆಳ್ಳಗಿನ ತಂತಿ ಅದು. ಅದರ ರಬ್ಬರು ಹೊದಿಕೆ ಒಣಗಿ, ಬಗ್ಗಿಸಿದರೆ ಪುಡಿಯಾಗುತ್ತದೆ. ಎರಡು ಸಾವಿರ ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಐದು ಆಂಪಿಯರಿನ ಸಾಕೆಟ್ಟಿಗೆ ಅಡಾಪ್ಟರು ಸಿಕ್ಕಿಸಿ ಅದನ್ನು ಓಡಿಸುವ ‘ಉಪಾಯ’ಗಳನ್ನು ಜನ ಒಬ್ಬರಿಗೊಬ್ಬರು ಧಾರಾಳವಾಗಿ ಹೇಳಿಕೊಡುತ್ತಾರೆ. ಫ್ಯೂಸು ಮತ್ತೆ ಮತ್ತೆ ಹೋದರೆ ದಪ್ಪ ತಂತಿ ಕಟ್ಟಿ ಎಂದೂ ಹೇಳುತ್ತಾರೆ. ಫ್ಯೂಸು ಹೋಗುವುದು ಮನೆಗೆ ಬೆಂಕಿ ಬೀಳದಿರಲಿ ಎಂದು. ಅದನ್ನು ಹೋಗದಂತೆ ಮಾಡಿದರೆ ಮುಂದೆ ಕರಗುವುದು ಗೋಡೆಯ ಮೇಲಿನ ವೈರು. ಭೂಸಂಪರ್ಕವೇ ಇಲ್ಲದ ಎರಡು ಪಿನ್ನಿನ ಸಾಕೆಟ್ಟಿನಲ್ಲಿ ಬಟ್ಟೆ ಒಗೆಯುವ ಯಂತ್ರ ನಡೆಸುವ ಮನೆಗಳಲ್ಲಿ ಒದ್ದೆ ಕೈಯ ಹೆಂಗಸರು ‘ಜುಂ ಅನ್ನುತ್ತೆ’ ಎಂದು ಹೇಳಿಕೊಂಡೇ ದಿನ ದೂಡುತ್ತಿರುತ್ತಾರೆ. 1956ರ ಭಾರತೀಯ ವಿದ್ಯುತ್ ನಿಯಮಗಳೇ ಈ ಗೆರೆ ಎಳೆದಿದ್ದವು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳಂಥವನ್ನು ಬದಲಿಸುವುದು ಮನೆಯವರಿಗೆ ಬಿಟ್ಟದ್ದು, ಜೋಡಣೆಯ ಸಾಮರ್ಥ್ಯ, ಸ್ವರೂಪ ಬದಲಾಗುವ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರದು. ಆ ಗೆರೆ ವಿವೇಕದ್ದು. ಅದನ್ನು ಅಳಿಸುವುದನ್ನು ಧೈರ್ಯ ಎಂದು ಕರೆಯುವುದು ಬೇಜವಾಬ್ದಾರಿ.

ಬಣ್ಣದ ಅಪಾಯ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆ ಮಾತಾಡುವವರೂ ಕಡಿಮೆ. ಹಳೆ ಕಿಟಕಿ ಬಾಗಿಲುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಮರದ ಬಣ್ಣ ತರಿಸುವುದು ಈಗ ಬಹಳ ಮೆಚ್ಚುಗೆಯ ಹವ್ಯಾಸ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡುತ್ತಾರೆ. ಆ ಕಿಟಕಿಗಳ ಎಣ್ಣೆಬಣ್ಣದ ಹಳೆಯ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ತೀರಾ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದೆ ಬಳಿದದ್ದಕ್ಕೆ ಯಾವ ಭರವಸೆಯೂ ಇಲ್ಲ. ಒಣಗಿದ ಬಣ್ಣವನ್ನು ಉಜ್ಜಿದರೆ ಸೀಸ ದೂಳಾಗಿ ನೆಲಕ್ಕೆ, ಬಟ್ಟೆಗೆ, ಮಗುವಿನ ಬೆರಳಿಗೆ ಬರುತ್ತದೆ; ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಈ ಎಚ್ಚರಿಕೆಯನ್ನು ದೇಶಕ್ಕೆ ಸಾರಿದರು. ಅವರ ಊರಿನಲ್ಲೇ ಜನ ಮೂಗಿಗೆ ಒಂದು ಬಟ್ಟೆಯನ್ನೂ ಕಟ್ಟಿಕೊಳ್ಳದೆ, ನೀರು ಚಿಮುಕಿಸಿ ದೂಳು ಅಡಗಿಸಬೇಕೆಂಬ ತಿಳಿವಳಿಕೆಯೂ ಇಲ್ಲದೆ ಕಿಟಕಿ ಉಜ್ಜುತ್ತಿದ್ದಾರೆ. ಉಜ್ಜುವವರದು ತಪ್ಪಲ್ಲ. ಉಜ್ಜಿ ಎಂದು ಹೇಳಿಕೊಟ್ಟವರು ಇದನ್ನೂ ಹೇಳಬೇಕಿತ್ತು.

ಇಷ್ಟು ಹೇಳಿದಾಗ ಬರುವ ಉತ್ತರ ನನಗೆ ಗೊತ್ತು, ಅದು ಹಗುರವಾದ ಉತ್ತರವೂ ಅಲ್ಲ. ‘ಕರೆದರೆ ಬರುವವರು ಯಾರು ಸ್ವಾಮಿ? ಮೂರು ದಿನ ಎಂದವರು ಮೂರು ವಾರ ಮಾಡುತ್ತಾರೆ, ಮುಂಗಡ ತೆಗೆದುಕೊಂಡವರು ಕಾಣೆಯಾಗುತ್ತಾರೆ, ಬಂದವರೂ ಸಿಮೆಂಟನ್ನೇ ಹಚ್ಚಿ ಹೋಗುತ್ತಾರೆ. ಪಿಂಚಣಿಯಲ್ಲಿ ಬದುಕುವ ನಮಗೆ ಬೇರೆ ದಾರಿ ಏನಿದೆ?’ ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಇದು ಸ್ವಂತ ರಿಪೇರಿಯ ಪರವಾದ ವಾದವೂ ಅಲ್ಲ. ಸುಣ್ಣ ಬಲ್ಲ ಗಾರೆಯವರು ಸಿಗುವುದಿಲ್ಲ ಎಂದರೆ, ಆ ಕೆಲಸಕ್ಕೆ ತಲೆಮಾರಿನಿಂದ ನಾವು ಕೊಟ್ಟ ಬೆಲೆ ಏನು ಎಂದು ಕೇಳಿಕೊಳ್ಳಬೇಕು. ಗೋಡೆ ತಟ್ಟಿ ಒಳಗಿನ ರೋಗ ಹೇಳಬಲ್ಲವರಿಗೂ ಮರಳು ಹೊರುವವರಿಗೂ ನಾವು ಒಂದೇ ಲೆಕ್ಕದಲ್ಲಿ ದಿನಗೂಲಿ ಕೊಟ್ಟೆವು, ಕಾಫಿಗೆ ಬೇರೆ ಲೋಟ ಇಟ್ಟೆವು, ಅವರ ಮಕ್ಕಳು ಆ ಕಸುಬಿಗೆ ಬರದಿದ್ದಾಗ ಆಶ್ಚರ್ಯಪಟ್ಟೆವು. ಈಗ ಹತ್ತು ನಿಮಿಷದ ವಿಡಿಯೊ ಅವರ ಜಾಗ ತುಂಬಬಲ್ಲದು ಎಂದು ಹೇಳುವುದು ಅದೇ ಅವಮಾನದ ಮುಂದುವರಿಕೆ. ಓದಿದವರ ಕೆಲಸವನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು ಎಂದು ಯಾರಾದರೂ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನೊಂದು ಆಕ್ಷೇಪ ಹೆಮ್ಮೆಯದು: ನಮ್ಮ ಹಿರಿಯರು ಎಲ್ಲವನ್ನೂ ಅವರೇ ಮಾಡಿಕೊಳ್ಳುತ್ತಿರಲಿಲ್ಲವೇ? ಮಾಡಿಕೊಳ್ಳುತ್ತಿದ್ದರು. ಏನು ಮಾಡಿಕೊಳ್ಳುತ್ತಿದ್ದರು ಎಂದು ನೋಡೋಣ. ನೆಲ ಸಾರಿಸುತ್ತಿದ್ದರು, ಜಗಲಿಗೆ ಕೆಮ್ಮಣ್ಣು ಬಳಿಯುತ್ತಿದ್ದರು, ಹಬ್ಬಕ್ಕೆ ಮುಂಚೆ ಸುಣ್ಣ ಹೊಡೆಯುತ್ತಿದ್ದರು, ಮಳೆಗೆ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು, ಮಾಡಿನ ಮರಕ್ಕೆ ಗೇರೆಣ್ಣೆ ಹಚ್ಚುತ್ತಿದ್ದರು. ಮಲೆನಾಡಿನಲ್ಲಿ ಹೆಂಚು ಕೈಯಾಡಿಸಲು ಮುಯ್ಯಾಳು ಬರುತ್ತಿದ್ದರು. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ. ಕಿರಿಯರು ಹಿರಿಯರ ಜೊತೆ ಮಾಡು ಹತ್ತಿ, ಎಲ್ಲಿ ಕಾಲಿಡಬೇಕು ಎಂಬುದನ್ನು ಕಾಲಿನಿಂದಲೇ ಕಲಿಯುತ್ತಿದ್ದರು. ಇದೆಲ್ಲ ಮನೆಯ ನಿಗಾ. ತಪ್ಪಾದರೆ ಮುಂದಿನ ವರ್ಷ ಸರಿಹೋಗುವಂಥದ್ದು: ಬಳಿದ ಸುಣ್ಣ ಸರಿಬರಲಿಲ್ಲವೆಂದರೆ ಮೇಲೆ ಇನ್ನೊಂದು ಸಲ ಬಳಿದರಾಯಿತು, ಗೋಡೆಗೇನೂ ಕೇಡಿಲ್ಲ. ತೊಲೆ ಬದಲಿಸುವುದು, ತಾರಸಿ ಹಾಕುವುದು, ಗೋಡೆಗೆ ಗಿಲಾವು ಎಳೆಯುವುದು ಬಂದಾಗ ಅವರೂ ಬಡಗಿಯನ್ನು, ಗಾರೆಯವರನ್ನು ಕರೆಸುತ್ತಿದ್ದರು. ಹಿರಿಯರ ಹೆಸರು ಹೇಳುವವರು ಈ ಎರಡನ್ನೂ ಕಲಸಿ ಒಂದು ಮಾಡಿದ್ದಾರೆ. ವರ್ಷ ವರ್ಷದ ನಿಗಾವನ್ನು ಬಿಟ್ಟುಬಿಟ್ಟು, ದೊಡ್ಡ ರಿಪೇರಿಯನ್ನು ಕೈಗೆತ್ತಿಕೊಂಡಿದ್ದಾರೆ. ನಿಗಾಕ್ಕೆ ಮೂರು ಕಿಲೊ ಸುಣ್ಣ, ಒಂದು ಕುಂಚ, ಒಂದು ಏಣಿ ಸಾಕು. ಡಬ್ಬ ಮಾರುವವರಿಗೆ ಅದರಿಂದ ಏನೂ ಹುಟ್ಟುವುದಿಲ್ಲ.

ನಾನು ಕೈಯಿಂದ ಮಾಡುವ ಕೆಲಸದ ವಿರೋಧಿಯಲ್ಲ. ಸುಣ್ಣ ಬಳಿಯಿರಿ, ತಾರಸಿಯ ಎಲೆ ಗುಡಿಸಿ, ಅರಳಿಯ ಸಸಿಯನ್ನು ಎರಡೆಲೆ ಇರುವಾಗಲೇ ಕೀಳಿ, ಬಾಗಿಲ ತಿರುಗಣಿಗೆ ಎಣ್ಣೆ ಬಿಡಿ. ಇದನ್ನು ಬಿಡದೆ ಮಾಡುವ ಮನೆಗೆ ದೊಡ್ಡ ರಿಪೇರಿ ಅಪರೂಪಕ್ಕೆ ಬರುತ್ತದೆ. ಬಂದಾಗ ಗಾರೆಯವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಸಿಮೆಂಟು ಬೇಡವೆಂದು ಹಟ ಹಿಡಿಯಿರಿ. ಮನೆಯ ಯಜಮಾನ ಯಜಮಾನಿಯರಿಗೆ ಇರಬೇಕಾದ ಜ್ಞಾನ ಇದು. ಕರಣೆ ಹಿಡಿಯುವುದಕ್ಕಿಂತ ಇದು ಕಷ್ಟ, ಮನೆಗೆ ಇದರಿಂದ ಹೆಚ್ಚು ಉಪಕಾರ.

ಈಗ ಅತಿ ಮುಖ್ಯವೆಂದು ನಾನು ನಂಬುವ ಸಂಗತಿಗೆ ಬರುತ್ತೇನೆ. ಹಳೆ ಮನೆಯ ಗೋಡೆ ಈಗೀಗ ಹಿಂದಿಗಿಂತ ಹೆಚ್ಚು ತೇವ ಹೀರುತ್ತಿದೆ ಎಂದು ಅಲ್ಲಿ ವಾಸಿಸುವವರು ಹೇಳುವುದು ಭ್ರಮೆಯಲ್ಲ. ಹಳೆ ಬೀದಿಯಲ್ಲಿ ನಿಂತು ಮನೆಗಳ ಹೊಸ್ತಿಲು ನೋಡಿ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಹೋಗುತ್ತಿದ್ದ ಮನೆಗಳಿಗೆ ಈಗ ಒಂದು ಮೆಟ್ಟಿಲು ಉಳಿದಿದೆ, ಕೆಲವಕ್ಕೆ ಇಳಿದು ಹೋಗಬೇಕು. ಮನೆ ಕುಸಿದಿಲ್ಲ. ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಡಾಂಬರು, ಅದರ ಮೇಲೆ ಇನ್ನೊಂದು, ಕೊನೆಗೆ ಕಾಂಕ್ರೀಟು ಹಾಕುತ್ತ ಹೋಗಿ ರಸ್ತೆ ಏರಿದೆ. ಅಂಗಳಕ್ಕೂ ಸಿಮೆಂಟು ಬಿದ್ದು ಮಳೆನೀರು ಇಂಗುವ ಜಾಗ ಹೋಗಿದೆ. ಚರಂಡಿಗೆ ಇಳಿಜಾರು ಇಲ್ಲದೆ ನೀರು ತಳಪಾಯದ ಪಕ್ಕದಲ್ಲೇ ನಿಲ್ಲುತ್ತದೆ. ಗೋಡೆಯ ಬುಡ ಮಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದ ಮೇಲೆ ಯಾವ ಡಬ್ಬ ತಂದು ಒಳಗಿನಿಂದ ಏನು ಬಳಿದರೂ ತೇವ ನಿಲ್ಲುವುದಿಲ್ಲ. ಇದು ಬೀದಿಯ ರೋಗ, ನಗರಾಡಳಿತದ ಲೋಪ. ನಿಮ್ಮ ಮನೆಯನ್ನು ನೀವೇ ರಿಪೇರಿ ಮಾಡಿಕೊಳ್ಳಿ ಎಂಬ ಉಪದೇಶ ಇದನ್ನು ಸಲೀಸಾಗಿ ಒಂದು ಕುಟುಂಬದ ಭಾನುವಾರದ ಕೆಲಸವನ್ನಾಗಿ ಮಾಡಿಬಿಡುತ್ತದೆ. ಆ ಕುಟುಂಬ ಒಂಟಿಯಾಗಿ ಸೆಣಸಿ, ಸೋತು, ತನ್ನ ಕೈಲಾಗದೆಂದೋ ಮನೆ ಕೆಟ್ಟದ್ದೆಂದೋ ತೀರ್ಮಾನಿಸಿ, ಕಟ್ಟಡ ಕಟ್ಟುವವರಿಗೆ ನಿವೇಶನ ಒಪ್ಪಿಸುತ್ತದೆ. ಹಳೆ ಬಡಾವಣೆಗಳಲ್ಲಿ ಮನೆಗಳು ಒಂದೊಂದಾಗಿ ಮಾಯವಾಗುತ್ತಿರುವುದರ ಹಿಂದೆ ಜಾಗದ ಬೆಲೆ ಇದೆ, ಅಣ್ಣತಮ್ಮಂದಿರ ಪಾಲು ಇದೆ, ಎಲ್ಲ ನಿಜ. ಈ ಸೋಲೂ ಇದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದಕ್ಕೆ ಬೇಕಾದದ್ದು ಇನ್ನಷ್ಟು ವಿಡಿಯೊ ಅಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯರೂ ಇದ್ದಾರೆ, ಗಾರೆಯವರೂ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆಯೂ ಇದೆ. ಆ ತರಬೇತಿಯಲ್ಲಿ ಸುಣ್ಣ ಅರಳಿಸುವುದು, ಸುರ್ಕಿ ಬೆರೆಸುವುದು, ಹಳೆ ಗೋಡೆ ತಟ್ಟಿ ನೋಡುವುದು ಕಡ್ಡಾಯವಾಗಿ ಸೇರಬೇಕು, ಕಲಿಸಲು ಈಗಲೂ ಆ ಕೆಲಸ ಬಲ್ಲ ಹಿರಿಯ ಗಾರೆಯವರನ್ನೇ ಗೌರವಧನ ಕೊಟ್ಟು ಕರೆಯಬೇಕು. ಮಣ್ಣಿನ ಕಟ್ಟಡಗಳ ವಿಜ್ಞಾನಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಿಂದ ‘ಅಸ್ತ್ರ’ದ ಹೆಸರಿನಲ್ಲಿ ನಡೆದ ಕೆಲಸದ ದೊಡ್ಡ ಪರಂಪರೆಯೇ ಇದೆ, ಅದು ಮೇಸ್ತ್ರಿಗಳ ಭಾಷೆಯಲ್ಲಿ, ಕನ್ನಡದಲ್ಲಿ, ಊರೂರಿಗೆ ತಲುಪಬೇಕು. ಪಾಲಿಕೆಗಳು ಹಳೆ ಬೀದಿಗಳಲ್ಲಿ ಹೊಸ ಡಾಂಬರು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು, ಟೆಂಡರಿನಲ್ಲೇ ಅದನ್ನು ಬರೆಯಬೇಕು. ಮನೆಯ ಹೊಸ್ತಿಲಿಗಿಂತ ರಸ್ತೆ ಎತ್ತರವಾದರೆ ಆ ಕೆಲಸದ ಬಿಲ್ಲು ಪಾಸಾಗಬಾರದು. ಅಷ್ಟಾಗುವವರೆಗೆ, ಬೀದಿಯ ಹತ್ತು ಮನೆಯವರು ತಮ್ಮ ತಮ್ಮ ಒದ್ದೆ ಗೋಡೆಗೆ ಹತ್ತು ಡಬ್ಬ ಕೊಳ್ಳುವ ಬದಲು, ಒಂದೇ ಅರ್ಜಿಗೆ ಹತ್ತು ಸಹಿ ಹಾಕಿ ವಾರ್ಡಿನ ಇಂಜಿನಿಯರರನ್ನು ತಮ್ಮ ಹೊಸ್ತಿಲಿಗೆ ಕರೆತಂದು ನಿಲ್ಲಿಸಬೇಕು.